ಅಗಸಿ ಎಣ್ಣಿ

ಕೊಣ್ಣೂರಿನ ಮಾಯಪ್ಪ ಹೊಸ ಮನೆ ಕಟ್ಟಿದ ವರ್ಷವೇ ಹೊಳೆಯಾಚೆಯ ಹಳ್ಳಿಗಳಲ್ಲಿ ಸಿಡುಬು ಎದ್ದಿತ್ತು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗಿತ್ತು. ಸೂಜಿ ಚುಚ್ಚಿ ದೇವಿ ಹಾಕುವ ಸರಕಾರಿ ಮನುಷ್ಯ ಗೋಕಾಕದವರೆಗೆ ಬಂದಿದ್ದಾನೆ ಎಂಬ ಸುದ್ದಿ ಬಂದಿತ್ತೇ ಹೊರತು ಮನುಷ್ಯ ಬಂದಿರಲಿಲ್ಲ. ಮಾಯಪ್ಪನ ಹೆಂಡತಿ ಸತ್ತೆವ್ವ ಏಳು ತಿಂಗಳ ಮಗಳು ಶಿವವ್ವನ ಅಂಗಿ ಎತ್ತಿ ದಿನಕ್ಕೆ ಹತ್ತು ಸಲ ಮೈ ನೋಡುತ್ತಿದ್ದಳು. ಆ ರೋಗ ಅವಳಿಗೆ ಹೊಸದಲ್ಲ. ದಡ್ಡಿಯ ತವರಿನಲ್ಲಿ ಅವಳಿಗೆ ಆರು ವರ್ಷವಿದ್ದಾಗ ಅವಳಿಗೂ ತಮ್ಮನಿಗೂ ಒಟ್ಟಿಗೇ ಬಂದಿತ್ತು. ಅವಳು ಮುಖದ ತುಂಬ ಕಲೆ ಹೊತ್ತು ಎದ್ದಳು. ತಮ್ಮ ಏಳಲಿಲ್ಲ.

ಮನೆಯ ಮರಗೆಲಸವನ್ನೆಲ್ಲ ಬಡಿಗೇರ ದುರ್ಗಪ್ಪ ಮಾಡಿದ್ದ. ಗೋಡೆಯೊಳಗಿನ ಕಪಾಟು, ಮಂಚ, ಎತ್ತಿನ ಬಂಡಿ ಒಳಗೆ ಬರುವಷ್ಟು ದೊಡ್ಡ ಹೆಬ್ಬಾಗಿಲು. ಊರ ಬಾಗಿಲಿನಂತಿದ್ದ ಅದನ್ನು ಮನೆಯವರೆಲ್ಲ ಅಗಸಿ ಎಂದೇ ಕರೆಯುತ್ತಿದ್ದರು. ಕೊನೆಗೆ ಮಾಡಿದ್ದು ಸಾಗವಾನಿ ತೊಟ್ಟಿಲು. ಅದರ ಒಂದೊಂದು ಕಂಬಿಯನ್ನೂ ಉಸುಕಿನ ಕಾಗದ ಹಚ್ಚಿ ಉಜ್ಜಿ, ಕೂಸಿನ ಕೆನ್ನೆಯಷ್ಟು ನುಣುಪು ಮಾಡಿದ್ದ.

ಹುಕ್ಕೇರಿಯಲ್ಲಿ ಬೇರೆ ಕೆಲಸ ಒಪ್ಪಿಕೊಂಡಿದ್ದ ದುರ್ಗಪ್ಪ ಮಂಗಳವಾರ ಬೆಳಗ್ಗೆ ಅವಸರದಲ್ಲಿದ್ದ. ಸತ್ತೆವ್ವ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಅವಳ ಅತ್ತೆ ಮರೆವ್ವನ ಮುಂದೆ ಎರಡು ಡಬ್ಬಿ ಇಟ್ಟು ಅವನು ಹೇಳಿದ:

"ಎವ್ವಾ, ತೊಟ್ಟಿಲಾ ಮತ್ತ ಬಾಗಲಾ ಎರಡಕ್ಕೂ ಎಣ್ಣಿ ಆಗಬೇಕು. ಈ ಡಬ್ಬ್ಯಾಗಿಂದು ಅಗಸಿ ಎಣ್ಣಿ. ಆ ಡಬ್ಬ್ಯಾಗಿಂದು ಇನ್ನೊಂದಕ್ಕ. ಕೋಲಿಗಿ ಅರಬಿ ಕಟ್ಟಿ ಹಚ್ರಿ, ಎರಡ ದಿನ ಆರಲಿ. ಅದಲಬದಲ ಮಾಡೀರಿ ಮತ್ತ!"

"ನಾ ಏನ್ ಕುಂಚಿಗಿ ಕಟ್ಟಿದ ಕೂಸೇನೋ? ಹೋಗ ಹೋಗ, ನಿನ್ನ ಬಂಡಿ ಹೊಂಟ್ತು" ಎಂದು ಮರೆವ್ವ ಮೂಗಿಗೆ ಒಂದು ಚಿಟಿಕೆ ತಪಕೀರು ಏರಿಸಿದಳು. ಹಗಲೆಲ್ಲ ತಪಕೀರು ಏರಿಸಿ ಏರಿಸಿ ಅವಳ ಮೂಗಿಗೆ ವಾಸನೆಯೇ ಹತ್ತುತ್ತಿರಲಿಲ್ಲ. ಒಂದು ಡಬ್ಬಿಯ ಎಣ್ಣೆಯನ್ನು ಬಾಗಿಲಿಗೂ, ಇನ್ನೊಂದನ್ನು ತೊಟ್ಟಿಲಿಗೂ ಬಳಿದಳು. ತೊಟ್ಟಿಲು ಕಾಡಿಗೆಯಂತೆ ಕಪ್ಪಾಗಿ ಮಿರಿಮಿರಿ ಹೊಳೆಯಿತು. "ಛಲೋ ಆತು, ಯಾರ ಕಣ್ಣೂ ತಾಗೂದಿಲ್ಲ" ಎಂದು ಮುದುಕಿ ಹಿಗ್ಗಿದಳು.

ಗುರುವಾರ ಶಿವವ್ವನನ್ನು ಅದರಲ್ಲಿ ಮಲಗಿಸಿದರು. ಶುಕ್ರವಾರ ಸಂಜೆ ಕೂಸಿನ ಎಡಗೆನ್ನೆ ಕೆಂಪಗಾಯಿತು. ಶನಿವಾರ ಬೆಳಗಾಗುವುದರೊಳಗೆ ಕೆನ್ನೆ, ಕಿವಿ, ಎಡಗೈ ಮೇಲೆಲ್ಲ ನೀರುಗುಳ್ಳೆ ಎದ್ದವು. ಮೈ ಸುಡುತ್ತಿತ್ತು. ಸತ್ತೆವ್ವ ತೊಟ್ಟಿಲ ಪಕ್ಕದಲ್ಲೇ ಕೂತಳು.

ಮರೆವ್ವ ಎರಡೂ ಕೈ ಜೋಡಿಸಿದಳು. "ತಾಯಿ ಬಂದಾಳ."

ಆಮೇಲೆ ನಡೆದದ್ದೆಲ್ಲ ಸತ್ತೆವ್ವ ಚಿಕ್ಕಂದಿನಲ್ಲಿ ಕಂಡದ್ದೇ. ಹೆಬ್ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದರು. ಅಡಿಗೆಗೆ ಒಗ್ಗರಣೆ ಹಾಕುವುದು ನಿಂತಿತು. ಓಣಿಯವರು ಆ ಮಗ್ಗುಲಿಗೆ ಹಾಯುವುದನ್ನೇ ಬಿಟ್ಟರು.

"ಗೋಕಾಕಿಂದ ಡಾಕ್ಟರನ್ನ ಕರ್ಕೊಂಡ ಬರ್ಲೇನ ಯವ್ವಾ?" ಮಾಯಪ್ಪ ಹೊಸ್ತಿಲಲ್ಲೇ ನಿಂತು ಕೇಳಿದ.

"ಸೂಜಿ ಚುಚ್ಚಿಸಿದ್ರ ತಾಯಿ ಸಿಟ್ಟಾಗ್ತಾಳ. ಇಕಿ ತಮ್ಮಗ ಇವರಪ್ಪ ಔಷಧ ತಂದಿದ್ನಂತಲ್ಲ, ಹುಡುಗ ಉಳೀತೇನು? ಕೇಳ ನಿನ್ನ ಹೇಣ್ತೀನ್ನ!"

ಸತ್ತೆವ್ವ ಕೂಸಿನ ಕಡೆ ತಿರುಗಿದಳು. ಮಾಯಪ್ಪ ತಲೆ ತಗ್ಗಿಸಿದ.

"ಕೂಸಿನ್ನ ತೊಟ್ಟಿಲಾಗಿಂದ ಎತ್ತಬ್ಯಾಡ" ಎಂದಳು ಮರೆವ್ವ. "ತಾಯಿ ಕುಂತ ಜಾಗಾ ಕದಲಸಬಾರದು."

ಹೀಗಾಗಿ ಸತ್ತೆವ್ವ ತೊಟ್ಟಿಲ ಮೇಲೆ ಬಾಗಿಯೇ ಹಾಲು ಕುಡಿಸಿದಳು. ಮೊಣಕೈ ಕೆಳಗಿನ ತೋಳನ್ನು ಅಂಚಿಗೆ ಊರಿಕೊಂಡು, ಸೊಂಟ ಬಿಟ್ಟುಹೋಗುವವರೆಗೆ ಹಾಗೇ ನಿಲ್ಲುತ್ತಿದ್ದಳು. ಕೂಸು ಎರಡು ಗುಟುಕು ಕುಡಿದು ಚೀರುತ್ತಿತ್ತು. ಬರಬರುತ್ತ ಚೀರುವುದನ್ನೂ ಬಿಟ್ಟು ನರಳತೊಡಗಿತು. ಆ ನರಳಿಕೆ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ತಮ್ಮನೂ ಕೊನೆಗೆ ಹೀಗೇ ನರಳಿದ್ದ.

ಭಾನುವಾರ ಬೆಳಕು ಹರಿದಾಗ ಶಿವವ್ವನ ಎಡಗಣ್ಣು ಕಾಣಲೇ ಇಲ್ಲ. ಬಾವು ಅದನ್ನು ನುಂಗಿಬಿಟ್ಟಿತ್ತು. ನೀರು ಒರೆಸಲು ಕೈ ಚಾಚಿದ ಸತ್ತೆವ್ವನಿಗೆ ತನ್ನ ತೋಳೇ ಉರಿಯಿತು. ಸೆರಗು ಸರಿಸಿ ನೋಡಿದರೆ ಅಲ್ಲಿಯೂ ಸಾಲಾಗಿ ಗುಳ್ಳೆ.

"ಅಯ್ಯೋ ನನ ಮಗಳ, ನಿನಗೂ ಬಂದ್ಲಲ್ಲ ತಾಯಿ!" ಮರೆವ್ವ ಹಣೆ ಬಡಿದುಕೊಂಡಳು.

ಸತ್ತೆವ್ವ ತೋಳನ್ನೇ ನೋಡುತ್ತ ನಿಂತಳು. ನನಗೆ ಹೇಗೆ ಬಂತು? ದಡ್ಡಿಯಲ್ಲಿ ಯಾರ ಮನೆಗೆ ತಾಯಿ ಬಂದರೂ ಹಾಸಿಗೆ ಬಳಿ ಕೂರಲು ಇವಳನ್ನೇ ಕರೆಯುತ್ತಿದ್ದರು. ಒಮ್ಮೆ ಬಂದುಹೋದವರಿಗೆ ಮತ್ತೆ ಬರುವುದಿಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು. ಮದುವೆಯಾಗುವವರೆಗೆ ಎಷ್ಟು ಜನರ ಕೀವು ಒರೆಸಿದ್ದಳೋ, ಒಂದು ಗುಳ್ಳೆಯೂ ಎದ್ದಿರಲಿಲ್ಲ.

ತೋಳಿನ ಗುಳ್ಳೆಗಳು ಗೆರೆ ಎಳೆದಂತೆ ನೇರವಾಗಿದ್ದವು. ಎರಡು ಬೆರಳು ಅಗಲ. ತೊಟ್ಟಿಲ ಅಂಚಿನಷ್ಟೇ ಅಗಲ. ಅವಳು ಕೂಸಿನ ಕೆನ್ನೆ ನೋಡಿದಳು. ಕೂಸು ಮಗ್ಗುಲಾಗಿ ಒರಗುವ ಕಡೆ ಮಾತ್ರ ಬೆಂದಿತ್ತು, ಕಂಬಿ ಕಂಬಿಯ ಗುರುತಿನಲ್ಲಿ.

ಮೂರು ದಿನದಿಂದ ತನ್ನ ಕೂಸನ್ನು ತಾನೇ ಅದಕ್ಕೆ ಒತ್ತಿ ಒತ್ತಿ ಮಲಗಿಸುತ್ತಿದ್ದಾಳೆ! ಮರುಕ್ಷಣವೇ ಇನ್ನೊಂದು ಭಯ. ಇದು ತನ್ನ ಭ್ರಮೆಯಾಗಿದ್ದರೆ? ಎತ್ತಿದ ಮೇಲೆ ಕೂಸಿಗೆ ಏನಾದರೂ ಆದರೆ? ಕೈ ಎರಡು ಸಲ ಮುಂದೆ ಹೋಗಿ ಹಿಂದೆ ಬಂತು. ಮೂರನೆಯ ಸಲ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡಳು.

"ಏ! ಏನ್ ಮಾಡಾಕತ್ತಿ? ಇಳಸ ಕೂಸಿನ್ನ!" ಮರೆವ್ವ ಬಾಗಿಲಿಗೆ ಅಡ್ಡ ನಿಂತಳು.

"ಇಳಸೂದಿಲ್ರಿ ಅತ್ತಿ. ಇದು ತಾಯಿ ಅಲ್ಲ. ತೊಟ್ಟಿಲಾ ಸುಡಾಕತ್ತೈತಿ."

"ಕಟಗಿ ಎಲ್ಲೆರ ಸುಡತೈತೇನ? ತಲಿ ಕೆಟ್ಟೈತಿ ನಿಂದು!"

"ಕೆಡಲಿ. ನಾ ಗೋಕಾಕಿಗಿ ಹೊಂಟೆ. ಹಾದಿ ಬಿಡ್ರಿ."

ಹನ್ನೊಂದು ವರ್ಷದ ಸಂಸಾರದಲ್ಲಿ ಸತ್ತೆವ್ವ ಅತ್ತೆಗೆ ಅಂಥ ಮಾತು ಆಡಿರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ದುರ್ಗಪ್ಪನ ಕೂಗು ಕೇಳಿತು. ಹುಕ್ಕೇರಿಯಿಂದ ಬಂದವನು ಬೇವು ಕಂಡು ಬೀದಿಯಲ್ಲೇ ನಿಂತಿದ್ದ.

"ಮಾಯಪ್ಪಣ್ಣಾ, ಬಾಗಲಾ ಕರೇಗ ಆಗಿಲ್ಲಲ್ಲ, ಇದಕ ಅಗಸಿ ಎಣ್ಣಿ ಯಾರ ಹಚ್ಚಿದ್ರೋ? ಮಳಿಗಾಲದಾಗ ಒರಲಿ ಹತ್ತಿ ತಿಂದ ಹಾಕತಾವ!"

"ನೀನ ಹೇಳಿದೆಲ್ಲೋ!" ಮರೆವ್ವ ಒಳಗಿಂದಲೇ ಒದರಿದಳು. "ಅಗಸಿ ಎಣ್ಣಿ ಅಂದ್ರ ಅಗಸೀಗಿ ಹಚ್ಚೂದಲ್ಲೇನು?"

"ಎವ್ವಾ, ನಾ ಅಂದದ್ದು ಅಗಸಿ ಬೀಜದ್ದು... ಚಟ್ನಿ ಅಗಸಿ. ಅದು ತೊಟ್ಟಿಲಕ ಇತ್ತು." ದುರ್ಗಪ್ಪ ಬಾಗಿಲ ಸಮೀಪಕ್ಕೆ ಬಂದ. "ಇನ್ನೊಂದ ಡಬ್ಬಿ ಎಲ್ಲಿ ಹಚ್ಚಿದ್ರಿ? ಅದು ಕರಿಗೇರ ಎಣ್ಣಿ. ಅಗಸರು ಸೀರಿಗಿ ಗುರ್ತ ಹಾಕ್ತಾರಲ್ಲ, ಅದ ಗೇರು. ಮೈಗಿ ತಾಗಿದ್ರ ಬೊಬ್ಬಿ ಏಳತಾವ."

ಮರೆವ್ವ ಹೊಸ್ತಿಲ ಮೇಲೆ ಕುಕ್ಕರಿಸಿದಳು. ಸತ್ತೆವ್ವ ಅವಳ ಪಕ್ಕದಿಂದ ದಾಟಿ ಹೊರಗೆ ಬಂದಳು. ದುರ್ಗಪ್ಪ ಕೂಸಿನ ಮುಖ ನೋಡಿ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದ.

"ಗುಳ್ಳಿ ಮಾಯತಾವ ತಂಗಿ. ನನಗೂ ಕಲಿಯೂವಾಗ ಆಗಿದ್ವು. ಆದ್ರ ಕಣ್ಣಾಗ ಹೋಗಿದ್ರ..." ಎಂದವನು ಮಾಯಪ್ಪನ ಕಡೆ ತಿರುಗಿದ.

ಮಾಯಪ್ಪ ಬಂಡಿ ಹೂಡಿದ. ಗೋಕಾಕದ ದವಾಖಾನೆಯಲ್ಲಿ ಡಾಕ್ಟರರು ಕೂಸನ್ನು ತೊಳೆಸಿ, ಮುಲಾಮು ಹಚ್ಚಿ, ಬಾವು ಇಳಿಯುವವರೆಗೆ ಕಣ್ಣಿನ ಮಾತು ಹೇಳಲಾಗದು ಎಂದು ಮನೆಗೆ ಕಳಿಸಿದರು. ಮೂರು ದಿನ ಸತ್ತೆವ್ವ ಕೂಸನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಕಣ್ಣು ತೆರೆಯಲಿ ಎಂದು ಕಾದಳು, ತೆರೆದಾಗ ಬೆಳ್ಳಗೆ ಕಂಡರೆ ಎಂದು ಹೆದರಿದಳು.

ಬುಧವಾರ ಮುಂಜಾನೆ ರೆಪ್ಪೆ ಗೀರಿನಷ್ಟು ಬಿಚ್ಚಿತು. ಒಳಗೆ ಕೆಂಪಿತ್ತು. ಕೆಂಪಿನ ನಡುವೆ ಕಪ್ಪು ಗುಡ್ಡೆ ಇತ್ತು. ಸತ್ತೆವ್ವ ಕೂಸಿನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಅಂಗಳದತ್ತ ಮುಖ ಮಾಡಿ ಹಿಡಿದಳು. ಅಂಗಳದಲ್ಲಿ ಕೋಳಿಯೊಂದು ಅಡ್ಡ ಹಾಯಿತು. ಕಪ್ಪು ಗುಡ್ಡೆ ನಿಧಾನಕ್ಕೆ ಅದರ ಹಿಂದೆ ಹೋಯಿತು.

ಕಂಬದ ಮರೆಯಲ್ಲಿ ಮರೆವ್ವ ನಿಂತಿದ್ದಳು. ಮೂರು ದಿನದಿಂದ ಅವಳು ಕೂಸಿನ ಹತ್ತಿರ ಸುಳಿದಿರಲಿಲ್ಲ, ಊಟಕ್ಕೂ ಸರಿಯಾಗಿ ಕೂತಿರಲಿಲ್ಲ. ಸತ್ತೆವ್ವ ಎದ್ದು ಹೋಗಿ ಕೂಸನ್ನು ಮುಂದೆ ಹಿಡಿದಳು.

ಮರೆವ್ವ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. "ಬ್ಯಾಡ ನನ ಮಗಳ. ನನ್ನ ಕೈಗಿ ಅಂಜಿಕಿ ಬಂದೈತಿ."

"ನನಗೂ ಬಂದೈತ್ರಿ ಅತ್ತಿ" ಎಂದಳು ಸತ್ತೆವ್ವ. "ಆದ್ರ ನನಗ ರೊಟ್ಟಿ ಬಡಿಯೂದೈತಿ. ಹಿಡೀರಿ."