ಮೂರು ಸಿಳ್ಳೆಗೆ ಉತ್ತರ

“ಅದು ಹಕ್ಕಿ ಅಲ್ಲ ಕಣೇ, ನಿನ್ನ ಭಾವನೇ,” ಎಂದಳು ಅಕ್ಕ, ದುರ್ಬೀನು ಕೆಳಗಿಳಿಸದೆ.

“ನಿನ್ ತಲೆ! ಬಾಲ ಕಾಣ್ತಿಲ್ವಾ? ಕಾಜಾಣ ಅದು. ಕೇಳಿದ್ದನ್ನೆಲ್ಲ ಅಣಕಿಸೋದೇ ಅದರ ಕಸುಬು,” ಎಂದೆ ನಾನು.

ಹಕ್ಕಿ ನೋಡಲೆಂದು ತೊರೆಯಂಚಿನ ಈ ಕಾಡಿಗೆ ಬಂದ ಭಾವ ಹಿಂದಿರುಗದೆ ಹೋದದ್ದು ಕಳೆದ ಮಳೆಗಾಲದಲ್ಲಿ. ತೊರೆ ತುಂಬಿ ಹರಿಯುತ್ತಿತ್ತು. ಅವರ ತೂತುಬಿದ್ದ ಗಂಬೂಟಿನೊಳಗೆ ನೀರು ಸೇರಿ ಹೆಜ್ಜೆಹೆಜ್ಜೆಗೂ ಪಚಕ್ ಪಚಕ್ ಎನ್ನುತ್ತಿತ್ತು. “ಹಕ್ಕಿ ನೋಡೋಕೆ ಹೋಗ್ತೀರೋ, ಓಡಿಸೋಕೋ?” ಎಂದು ಅಕ್ಕ ನಕ್ಕಿದ್ದೇ ಕೊನೆ. ಹುಡುಕಿದವರಿಗೆ ಏನೂ ಸಿಗಲಿಲ್ಲ.

ಕೂಗಿದರೆ ಹಕ್ಕಿಗಳು ಹಾರಿಹೋಗುತ್ತವೆಂದು ಗಂಡ ಹೆಂಡತಿ ಇಲ್ಲಿ ಸಿಳ್ಳೆಯಲ್ಲೇ ಮಾತಾಡುತ್ತಿದ್ದರು. ಅವರದು ಮೂರು: ಎಲ್ಲಿದ್ದೀಯ? ಇವಳದು ಎರಡು: ಇಲ್ಲೇ. ಮತ್ತೆ ಅವರದು ಒಂದು, ಉದ್ದಕ್ಕೆ: ಬಂದೆ, ನಿಂತಲ್ಲೇ ನಿಲ್ಲು.

ಚಳಿಗಾಲದ ಮಂಜಿನೊಳಗಿಂದ ಆ ಮೂರು ಸಿಳ್ಳೆ ಮೊದಲ ಸಲ ಕೇಳಿತು. ಭಾವನ ಮುರಿದ ಹಲ್ಲಿನ ಸಂದಿಯಲ್ಲಿ ಹೇಗೆ ಸೀಳುತ್ತಿತ್ತೋ ಹಾಗೆಯೇ ಮೂರನೆಯದು ಸೀಳಿತು. ಅಂದಿನಿಂದ ಅಕ್ಕ ಹೊಲಿಗೆ ಅಂಗಡಿಗೆ ಬೀಗ ಜಡಿದು ದಿನವೂ ಇಲ್ಲಿಗೇ. ಮರಗಳು ಎಲೆ ಉದುರಿಸಿದವು, ಚಿಗುರಿದವು. ತೊರೆ ಬತ್ತಿ ಕಲ್ಲುಗಳು ಮೇಲೆದ್ದವು. ಗಿರಾಕಿಗಳು ಅರ್ಧ ಹೊಲಿದ ಬಟ್ಟೆಗಳನ್ನು ವಾಪಸು ಒಯ್ದರು. ಅಕ್ಕ ಊಟ ಬಿಟ್ಟು ಕಡ್ಡಿಯಂತಾದಳು. ಆದರೂ ಒಮ್ಮೆಯೂ ಆ ಸಿಳ್ಳೆಗೆ ಉತ್ತರ ಕೊಟ್ಟವಳಲ್ಲ. ಕೊಟ್ಟ ಮೇಲೆ ಏನೂ ಕೇಳಿಸದಿದ್ದರೆ ಎಂಬ ಭಯ.

ಇವತ್ತು ನಾನೇ ಹಟ ಹಿಡಿದೆ. “ಉತ್ತರ ಕೊಡು. ಅವರ ಆ ಉದ್ದನೇ ಸಿಳ್ಳೆ ಬರದಿದ್ರೆ ಸುಮ್ನೆ ನನ್ನ ಮನೆಗೆ ಬಂದುಬಿಡು.”

“ಬಂದ್ರೆ?”

“ಬಂದ್ರೆ ಭಾವನಿಗೂ ಸೇರಿಸಿ ನಾನೇ ಟೀ ಬಗ್ಗಿಸ್ತೀನಿ.”

ಕಾಜಾಣ ಮೂರು ಸಲ ಸಿಳ್ಳೆ ಹಾಕಿತು. ಅಕ್ಕ ಒಣಗಿದ ತುಟಿ ಸವರಿಕೊಂಡು ಎರಡು ಸಲ ಹಾಕಿದಳು. ಹಕ್ಕಿ ಕತ್ತು ಓರೆ ಮಾಡಿತು, ಗಾಳಿಯಲ್ಲೇ ಒಂದು ಹುಳ ಹಿಡಿದು ಅದೇ ಕೊಂಬೆಗೆ ಮರಳಿತು.

ಆಚೆ ದಡದಿಂದ ಉದ್ದನೆಯ ಸಿಳ್ಳೆಯೊಂದು ಬಂತು.

“ಅಕ್ಕಾ, ಅದರ ಬಾಯಲ್ಲಿ ಹುಳ ಇದೆ ಕಣೇ...”

“ನೋಡ್ದೆ. ಅಲ್ಲಾಡ್ಬೇಡ, ನಿಂತಲ್ಲೇ ನಿಲ್ಲು.”

ಬತ್ತಿದ ತೊರೆಯ ಬಿಸಿ ಕಲ್ಲುಗಳ ಮೇಲೆ ಪಚಕ್, ಪಚಕ್ ಎಂಬ ಸದ್ದು ನಮ್ಮ ಕಡೆಗೇ ಬರತೊಡಗಿತು. ಅಕ್ಕ ಚೀಲದಿಂದ ಫ್ಲಾಸ್ಕ್ ತೆಗೆದು ನನ್ನ ಕೈಗಿಟ್ಟಳು.