ಎಡಭುಜದ ಗುಟ್ಟು

ತಮ್ಮನ ಬಾಯನ್ನು ದೇವರ ಮುಂದೆಯೇ ಕಟ್ಟಿಹಾಕಿದ್ದೇನೆ, ಇನ್ನು ಮಗನಿಗೆ ಯಾವ ಭಯವೂ ಇಲ್ಲ ಎಂದುಕೊಂಡೇ ಭರಮವ್ವ ಆ ದಿನ ಖಾನಾಪುರದಲ್ಲಿ ಬೆಳಗಾವಿಯ ಬಸ್ಸು ಹತ್ತಿದ್ದಳು. ಮಗನ ಪಂದ್ಯ ತೋರಿಸುವ ಚಾನೆಲ್ಲು ಅವಳ ಮನೆಯ ಟಿವಿಯಲ್ಲಿ ಬರುತ್ತಿರಲಿಲ್ಲ, ಬೆಳಗಾವಿಯ ವಡಗಾವಿಯಲ್ಲಿದ್ದ ಅಲಕಾಬಾಯಿಯ ಮನೆಯಲ್ಲಿ ಬರುತ್ತಿತ್ತು. ಮಗ ಸಂಜಯ ಕಾಲೇಜಿಗೆ ಹೋಗುವಾಗ ಬಾಡಿಗೆಗಿದ್ದದ್ದು ಆ ಮನೆಯ ಮಾಳಿಗೆಯಲ್ಲಿ. ಈಗ ಅವನು ಢಾಕಾದಲ್ಲಿದ್ದ, ಭಾರತದ ಫುಟ್‌ಬಾಲ್ ತಂಡದ ಗೋಲು ಕಾಯುತ್ತಿದ್ದ. ಎದುರು ತಂಡದ ಕೋಚು ಬೇರೆ ಯಾರೂ ಅಲ್ಲ, ಭರಮವ್ವನ ಒಡಹುಟ್ಟಿದ ತಮ್ಮ ಸಾತಪ್ಪ.

ಸಾತಪ್ಪನನ್ನು ಖಾನಾಪುರದಲ್ಲಿ ಯಾರು ಅರಿಯರು? ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಮಿಲಿಟರಿ ಸೇರಿ, ಅಲ್ಲಿ ಗೋಲ್‌ಕೀಪರನಾಗಿ ಹೆಸರು ಮಾಡಿದವನು. ಆಟ ಬಿಟ್ಟ ಮೇಲೆ ಹೊರದೇಶದ ತಂಡಗಳಿಗೆ ಕಲಿಸಲು ಹೋದ. ಮೊದಲು ಒಂದು ಗುಡ್ಡಗಾಡಿನ ದೇಶ, ಆಮೇಲೆ ಮರಳುಗಾಡಿನದು, ಈಗ ಸಮುದ್ರದ ನಡುವಿನ ಪುಟ್ಟ ದೇಶವೊಂದು. ಜನಕ್ಕೆ ಮಾತಿಗೇನು ಬರ? ಊರ ಹುಡುಗರಿಗೆ ಒಂದು ಚೆಂಡು ಕೊಡಿಸದ ಮಹಾನುಭಾವರೆಲ್ಲ ಚಹಾದಂಗಡಿಯಲ್ಲಿ ಕೂತು, ವಿದ್ಯೆಯನ್ನು ಪರದೇಶಕ್ಕೆ ಮಾರಿಕೊಂಡ ಎಂದು ಆಡಿಕೊಂಡರು. ಸಾತಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ರಜೆಗೆ ಬಂದಾಗಲೆಲ್ಲ ಅಕ್ಕನ ಮಗನನ್ನು ಮೈದಾನಕ್ಕೆ ಎಳೆದೊಯ್ದು, ಸಂಜೆಯವರೆಗೆ ಮಣ್ಣಲ್ಲಿ ಹೊರಳಾಡಿಸಿ ಗೋಲು ಕಾಯುವುದನ್ನು ಕಲಿಸಿದ.

ಆ ಹುಡುಗನ ಎಡಭುಜದಲ್ಲಿ ಒಂದು ಐಬಿತ್ತು. ಚಿಕ್ಕಂದಿನಲ್ಲಿ ಮಲಪ್ರಭೆಯ ದಂಡೆಯ ಬಂಡೆಯ ಮೇಲಿಂದ ಬಿದ್ದು ಕೀಲು ತಪ್ಪಿತ್ತು. ಕೂರಿಸಿದರೂ ಸರಿಯಾಗಿ ಕೂರಲಿಲ್ಲ. ಬಲಕ್ಕೆ ಜಿಗಿದರೆ ಅವನನ್ನು ಹಿಡಿಯುವವರಿಲ್ಲ; ಎಡಕ್ಕೆ ಜಿಗಿಯುವಾಗ ಮಾತ್ರ ಕೂದಲೆಳೆಯಷ್ಟು ತಡ. ಈ ಗುಟ್ಟು ಗೊತ್ತಿದ್ದದ್ದು ಅವನಿಗೆ, ಅವನ ಅವ್ವನಿಗೆ, ಸೋದರಮಾವನಿಗೆ.

ಎರಡೂ ತಂಡಗಳು ಒಂದೇ ಟೂರ್ನಿಗೆ ಹೋಗುತ್ತವೆಂದು ತಿಳಿದ ಮೇಲೆ ಭರಮವ್ವನಿಗೆ ಅನ್ನ ಸೇರಲಿಲ್ಲ. ಮೊದಲನೇ ಗೋಲ್‌ಕೀಪರನ ಮೊಣಕಾಲು ಕೈಕೊಟ್ಟಿದ್ದರಿಂದ ಸಂಜಯನಿಗೆ ಜಾಗ ಸಿಕ್ಕಿತ್ತು. ಇಲ್ಲಿ ಎಡವಿದರೆ ಮತ್ತೆ ಯಾರೂ ಅವನನ್ನು ಕರೆಯುವುದಿಲ್ಲ. ಸಾತಪ್ಪ ಟೂರ್ನಿಗೆ ಮೊದಲು ಊರಿಗೆ ಬಂದು ಹೋಗುವಾಗ ಅವಳು ಅವನನ್ನು ಬೀರಪ್ಪನ ಗುಡಿಗೆ ಕರೆದೊಯ್ದು, ದೇವರ ಭಂಡಾರದ ಅರಿಶಿನವನ್ನು ಅವನ ಅಂಗೈಗೆ ಸುರಿದಳು. ಭಂಡಾರ ಹಿಡಿದು ಆಡಿದ ಮಾತನ್ನು ಅವರ ಮನೆತನದಲ್ಲಿ ಯಾರೂ ಮೀರಿದವರಿಲ್ಲ.

“ಭುಜದ ಸುದ್ದಿ ನಿನ್ನ ಹುಡುಗರಿಗೆ ಹೇಳಂಗಿಲ್ಲಂತ ಆಣಿ ಮಾಡು,” ಎಂದಳು.

“ಅಕ್ಕಾ, ನಾ ಅವರ ಅನ್ನ ಉಣ್ಣಾಕತ್ತೇನಿ. ಇದು ಅವರಿಗೆ ಮೋಸ ಆಗ್ತೈತಿ.”

“ಸಂಜಯನ ಜವಳದಾಗ ಅವನ್ನ ತೊಡಿ ಮ್ಯಾಲ ಕುಂದರಿಸಿಕೊಂಡಾಂವ ನೀನ. ಅನ್ನದ ಮಾತು ನನ್ನ ಮುಂದ ಆಡಬ್ಯಾಡ.”

ಸಾತಪ್ಪನ ಮುಖ ಸಪ್ಪಗಾಯಿತು. ಅರಿಶಿನವನ್ನು ಮುಷ್ಟಿಯಲ್ಲಿ ಹಿಡಿದು ಆಣೆ ಮಾಡಿದ. ಈ ಮಾತು ಸಂಜಯನ ಕಿವಿಗೂ ಬೀಳಬಾರದೆಂದು ಅವಳು ಅದೇ ಭಂಡಾರದ ಮೇಲೆ ಇನ್ನೊಂದು ಮಾತು ತೆಗೆದುಕೊಂಡಳು. ಮಗ ಆಗ ದೂರದ ಕಲಕತ್ತೆಯ ಶಿಬಿರದಲ್ಲಿದ್ದ.

ಪಂದ್ಯದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚಿನ ಸಮಯ ಕೊಟ್ಟರೂ ಅಷ್ಟೇ. ಇನ್ನು ಪೆನಾಲ್ಟಿ ಒದೆತಗಳಲ್ಲೇ ತೀರ್ಮಾನ ಎಂದು ಅಲಕಾಬಾಯಿ ವಿವರಿಸಿದಾಗ ಭರಮವ್ವ ಕುರ್ಚಿ ಬಿಟ್ಟು ಟಿವಿಯ ಮುಂದೆ ನೆಲಕ್ಕೇ ಕೂತಳು. ಗೋಲಿನಲ್ಲಿ ಮಗ ಒಬ್ಬನೇ, ಎದುರಿಗೆ ಒದೆಯುವವನೊಬ್ಬನೇ. ಭುಜದ ಐಬು ಬಯಲಾಗುವುದಿದ್ದರೆ ಈಗಲೇ.

ಟಿವಿಯಲ್ಲಿ ಸಾತಪ್ಪ ಕಾಣಿಸಿದ. ಅವನ ಹುಡುಗರು ಸುತ್ತ ಮುತ್ತಿಕೊಂಡು ಏನೋ ಕೇಳುತ್ತಿದ್ದರು. ಏನು ಕೇಳುತ್ತಾರೆಂದು ತಿಳಿಯಲು ಭರಮವ್ವನಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಹಳೇ ಗೋಲ್‌ಕೀಪರ್ ಕೋಚಾಗಿದ್ದರೆ ಯಾವ ಕಡೆಗೆ ಒದೆಯಲಿ ಎಂದು ಯಾರಾದರೂ ಕೇಳುವವರೇ. ಸಾತಪ್ಪ ಬಾಯಿ ತೆರೆದ. ಆಮೇಲೆ ತಲೆಯಾಡಿಸಿ, ಒಬ್ಬೊಬ್ಬರ ಬೆನ್ನು ತಟ್ಟಿ ಕಳಿಸಿದ. ಹೇಳಿದನೋ ಬಿಟ್ಟನೋ, ಅವಳಿಗೆ ಗೊತ್ತಾಗಲಿಲ್ಲ.

ಮೊದಲ ಚೆಂಡು ಸಂಜಯನ ಬಲಕ್ಕೆ ಬಂತು. ಅವನು ಎಡಕ್ಕೆ ಜಿಗಿದಿದ್ದ. ಗೋಲಾಯಿತು, ಆದರೆ ಭರಮವ್ವನಿಗೆ ಹೋದ ಜೀವ ಬಂದಂತಾಯಿತು. ಹೇಳಿದ್ದರೆ ಚೆಂಡು ಎಡಕ್ಕೆ ಬರುತ್ತಿತ್ತಲ್ಲ! ತಮ್ಮ ಮಾತು ಉಳಿಸಿಕೊಂಡ ಎಂದು ಅವಳು ಮನಸ್ಸಿನಲ್ಲೇ ಅವನ ಕಾಲಿಗೆ ಬಿದ್ದಳು.

ಎರಡನೆಯದೂ ಬಲಕ್ಕೆ ಬಂತು. ಸಂಜಯ ಮತ್ತೆ ಎಡಕ್ಕೆ ಹಾರಿ ಬಿದ್ದ. ಮೂರನೆಯದೂ ಹಾಗೆಯೇ. ಬಲಗಾಲಿನವರಿಗೆ ಅದೇ ಸಲೀಸಾದ ಕಡೆ, ಯಾರೂ ಹೇಳಿಕೊಡದಿದ್ದರೆ ಅವರು ಅತ್ತಲೇ ಒದೆಯುತ್ತಾರೆ. ಇದನ್ನು ಮಾವನೇ ಅವನಿಗೆ ಎಷ್ಟು ಸಲ ಹೇಳಿದ್ದ!

“ಭರಮವ್ವಾರ, ನಿಮ್ಮ ಹುಡುಗ ಯಾಕ ಬರೇ ಎಡಕ್ಕ ಹಾರಾಕತ್ಯಾನ್ರಿ?” ಎಂದು ಅಲಕಾಬಾಯಿ ಕೇಳಿದಳು.

ಭಾರತದ ಹುಡುಗನೊಬ್ಬ ಚೆಂಡನ್ನು ಕಂಬಕ್ಕೆ ಬಡಿದಿದ್ದ; ಸಂಜಯ ಒಂದನ್ನಾದರೂ ತಡೆಯಲೇಬೇಕಿತ್ತು. ಬಲಕ್ಕೆ ಹಾರೋ ಮಗನೇ, ಬಲಕ್ಕೆ, ಎಂದು ಭರಮವ್ವ ಟಿವಿಯ ಗಾಜಿಗೆ ಕೈಯಿಟ್ಟು ಬೇಡಿಕೊಂಡಳು. ನಾಲ್ಕನೆಯದಕ್ಕೂ ಅವನು ಎಡಕ್ಕೇ ಹೋದ. ಕೊನೆಯದಕ್ಕೂ ಎಡಕ್ಕೇ ಹೋದ, ಎಂಥ ಜಿಗಿತ ಅದು, ಭುಜ ತಡವಾಗಲಿಲ್ಲ, ಕೈ ಕಂಬದವರೆಗೆ ಚಾಚಿತ್ತು. ಆ ಕಡೆಗೆ ಚೆಂಡೇ ಬರಲಿಲ್ಲ.

ದ್ವೀಪದ ಹುಡುಗರು ಸಾತಪ್ಪನನ್ನು ಎತ್ತಿ ಕುಣಿದರು. ಗೆದ್ದ ಕೋಚಿನ ಮುಖದಲ್ಲಿ ಗೆಲುವಿನ ಕಳೆ ಇರಲಿಲ್ಲ. ಅವನು ಅವರಿಂದ ಬಿಡಿಸಿಕೊಂಡು ಗೋಲಿನ ಹತ್ತಿರ ಹೋಗಿ, ಅಲ್ಲೇ ಕುಸಿದಿದ್ದ ಸೋದರಳಿಯನನ್ನು ಎಬ್ಬಿಸಿ ಅಪ್ಪಿಕೊಂಡ. ಸಂಜಯ ಏನೋ ಕೇಳಿದ. ಸಾತಪ್ಪ ಒಂದೇ ಮಾತು ಹೇಳಿ ಮುಖ ತಿರುಗಿಸಿದ.

ದೀಪ ಹಚ್ಚುವ ಹೊತ್ತಿಗೆ ಅಲಕಾಬಾಯಿಯ ಮನೆಯ ಫೋನು ಬಡಿದುಕೊಂಡಿತು. ಸಂಜಯನೇ ಮಾಡಿದ್ದ. ಶಿಬಿರದಲ್ಲಿ ಡಾಕ್ಟರು ಭುಜಕ್ಕೆ ವ್ಯಾಯಾಮ ಕಲಿಸಿ ಸರಿಮಾಡಿದರಂತೆ. ಅಂದಿನಿಂದ ಅವನು ಬೇರೆಲ್ಲ ಬಿಟ್ಟು ಎಡಕ್ಕೆ ಜಿಗಿಯುವುದನ್ನೇ ಕಲಿತನಂತೆ. ಅವ್ವನನ್ನು ಬೆರಗುಗೊಳಿಸಬೇಕೆಂದು ಮನೆಗೆ ಹೇಳಿರಲಿಲ್ಲವಂತೆ.

“ಎಡಕ್ಕ ಒದೀರಿ ಅಂತ ಮಾವ ತನ್ನ ಹುಡುಗರಿಗೆ ಹೇಳೇ ಹೇಳ್ತಾನ ಅಂತ ಖರೇನ ನಂಬಿದ್ನವ್ವಾ. ಕೋಚ್ ಆದಾಂವ ಹೇಳಬೇಕು, ನಾ ಇದ್ರೂ ಹೇಳ್ತಿದ್ನಿ. ಯಾಕ ಹೇಳಲಿಲ್ಲ ಅಂತ ಕೇಳಿದ್ರ, ನಿಮ್ಮವ್ವನ್ನ ಕೇಳು ಅಂದ.”

ಭರಮವ್ವ ಸುಳ್ಳು ಹುಡುಕಲಿಲ್ಲ. ಗುಡಿಗೆ ಕರೆದೊಯ್ದದ್ದು, ಅಂಗೈಗೆ ಅರಿಶಿನ ಸುರಿದದ್ದು, ಎರಡು ಮಾತು ತೆಗೆದುಕೊಂಡದ್ದು, ಎಲ್ಲವನ್ನೂ ಹೇಳಿದಳು.

“ಮಾವ ನನಗ ಎದುರಾಳಿ ಅಂತ ಮರ್ಯಾದಿ ಕೊಡಲಿ ಅಂತ ಆಸಿ ಇತ್ತವ್ವಾ,” ಎಂದ ಸಂಜಯ. “ನಿನಗ ನನ್ನ ಮ್ಯಾಲ ಅಷ್ಟೂ ನಂಬಿಕಿ ಇರಲಿಲ್ಲೇನು?”

ಇತ್ತು ಎನ್ನಬಹುದಿತ್ತು. ಯಾವ ತಾಯಿಯಾದರೂ ಹಾಗೇ ಅನ್ನುತ್ತಿದ್ದಳು.

“ಇರಲಿಲ್ಲೋ ಮಗನ,” ಎಂದಳು ಭರಮವ್ವ.