ಬಾಯಿಪಾಠದ ಕಣ್ಣು

ನಮ್ಮಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೂ ಶನಿವಾರದ ಸಬ್ಬತ್ ದಿನ ಪ್ರಾರ್ಥನೆ ಪುಸ್ತಕ ಹಿಡಿದು ಕೂತರೆ ಒಂದು ಮಾತು ತಪ್ಪದೆ ಹೇಳುತ್ತಿದ್ದಳು, ಪುಸ್ತಕ ತಲೆಕೆಳಗಾಗಿದ್ದರೂ. ನಮ್ಮ ಯೆಹೂದಿ ಹೆಂಗಸರು ಕಲಿತದ್ದೇ ಹಾಗೆ, ತಾಯಿಯ ಬಾಯಿಂದ. ಇದೆಲ್ಲ ಗೊತ್ತಿದ್ದೂ ನಾನು ಮೋಸಹೋದೆ. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಅಮ್ಮ ನ್ಯೂಯಾರ್ಕಿನಲ್ಲಿ ಹತ್ತೊಂಬತ್ತು ವರ್ಷ ಕೋಟುಗಳಿಗೆ ಕಾಜಾ ಹೊಲಿದವಳು. 1923ರ ಚಳಿಗಾಲದಲ್ಲಿ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಅಂದಳು. ಧರ್ಮಾಸ್ಪತ್ರೆಯ ಡಾಕ್ಟರು ನೋಡಿ, ಕಣ್ಣೊಳಗೆ ಒತ್ತಡ ಏರಿದೆ, ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಇರುವ ದೃಷ್ಟಿಯೂ ಹೋಗುತ್ತದೆ, ಹೋದದ್ದು ಮರಳುವುದಿಲ್ಲ ಎಂದರು.

"ಕಣ್ಣಿಗೆ ಚಾಕು ಹಾಕ್ತಾರಂತೆ! ನಾನು ಸತ್ತ ಮೇಲೆ ಹಾಕ್ಲಿ," ಅಂದಳು ಅಮ್ಮ.

ಆಗಲೇ ನನಗೆ ಮಿಸ್ ಹಾರ್ಲೋ ಸಿಕ್ಕಿದ್ದು. ಕಣ್ಣಿಗಿರುವುದು ರೋಗವಲ್ಲ, ಬಿಗಿ; ಮನಸ್ಸು ಸಡಿಲವಾದರೆ ದೃಷ್ಟಿ ತಾನೇ ತಿಳಿಯಾಗುತ್ತದೆ ಎಂದು ತರಗತಿ ನಡೆಸುತ್ತಿದ್ದಳು. ಟೈಪಿಸ್ಟ್ ಕೆಲಸಕ್ಕೆ ಸೇರಿ ದೊಡ್ಡವರ ಹಾಗೆ ಮಾತಾಡಲು ಹೆಣಗುತ್ತಿದ್ದ ನಾನು ಅವಳ ಇಂಗ್ಲಿಷಿಗೇ ಮರುಳಾದೆ. ಮುಚ್ಚಿದ ಕಣ್ಣ ಮೇಲೆ ಅಂಗೈ ಇಟ್ಟು ಕಪ್ಪನ್ನು ನೆನೆಯಬೇಕು. ಬಿಸಿಲಿಗೆ ಮುಖ ಒಡ್ಡಿ ತಲೆ ತೂಗಬೇಕು. ತರಗತಿಯಲ್ಲಿರುವಂಥದೇ ಕಣ್ಣು ಪರೀಕ್ಷೆಯ ಅಕ್ಷರದ ಪಟ್ಟಿಯನ್ನು ಮನೆಯ ಗೋಡೆಗೆ ಹಾಕಿ ದಿನಾ ಓದಬೇಕು. ಅಮ್ಮನಿಗೆ ಆ ಅಕ್ಷರಗಳನ್ನು ಕಲಿಸಿದವಳು ನಾನೇ, ಪಟ್ಟಿಯ ಮೇಲೆ ಬೆರಳಿಟ್ಟು, ಸಾಲುಸಾಲಾಗಿ.

ತರಗತಿಯಲ್ಲಿ ಮೊದಲ ವಾರ ಎರಡು ಸಾಲು ಓದಿದಳು. ಮೂರನೇ ವಾರಕ್ಕೆ ಐದು. ತಿಂಗಳು ತುಂಬುವ ಮೊದಲೇ ಇರುವೆ ಗಾತ್ರದ ಕೊನೆಯ ಸಾಲನ್ನೂ ಗಡಗಡ ಹೇಳಿಬಿಟ್ಟಳು.

ಮಿಸ್ ಹಾರ್ಲೋ ಚಪ್ಪಾಳೆ ತಟ್ಟಿದಳು. "ನೋಡಿದ್ರಾ? ನೆನಪು ತಿಳಿಯಾದ್ರೆ ದೃಷ್ಟಿನೂ ತಿಳಿ. ನಿಮ್ಮ ತಾಯಿ ವಿಷಯ ನಮ್ಮ ಪತ್ರಿಕೇಲಿ ಬರೀತೀನಿ."

ನಾನು ಹಿಗ್ಗಿ ಹೀರೇಕಾಯಿಯಾದೆ. ಡಾಕ್ಟರು ಆಪರೇಷನ್ನಿನ ದಿನ ಬರೆದುಕೊಟ್ಟಿದ್ದ ಚೀಟಿಯನ್ನು ಒಲೆಗೆ ಹಾಕಿದೆ. ಹಾಕಿದವಳು ನಾನು, ಅಮ್ಮನಲ್ಲ.

ಮನೆಯಲ್ಲಿ ಅವಳು ಬಾಗಿಲಿಗೆ ಹಾಯುತ್ತಿದ್ದಳು. "ಬಿಗಿ ಮಾಡ್ಕೋತೀಯಮ್ಮಾ, ಅದಕ್ಕೇ ಹಿಂಗಾಗೋದು," ಎಂದು ಗದರುತ್ತಿದ್ದೆ.

"ಹೂಂ ಕಣೇ ಬ್ಲೂಮಾ, ನಂದೇ ತಪ್ಪು," ಅನ್ನುತ್ತಿದ್ದಳು.

ನಮ್ಮ ಪೆಸಾಖ್ ಹಬ್ಬಕ್ಕೆ ಮುಂಚೆ ಇಡೀ ಮನೆ ತೊಳೆಯಬೇಕು, ಹುದುಗಿಸಿದ ರೊಟ್ಟಿಯ ಒಂದು ಚೂರೂ ಉಳಿಯಬಾರದು. ಗೋಡೆ ಉಜ್ಜಲೆಂದು ಪಟ್ಟಿಯನ್ನು ಕಿತ್ತು ಮಂಚದ ಕೆಳಗಿಟ್ಟು ನೀರಿಗೆ ಹೋದೆ. ತಿರುಗಿ ಬಂದಾಗ ಮಟಮಟ ಮಧ್ಯಾಹ್ನ. ಅಮ್ಮ ಎಂದಿನ ಕುರ್ಚಿಯಲ್ಲಿ ಕೂತು ಬೋಳು ಗೋಡೆಯನ್ನು ದಿಟ್ಟಿಸಿ ಓದುತ್ತಿದ್ದಳು.

"ಕೆ. ಡಬ್ಲ್ಯೂ, ಎನ್. ಎಚ್, ಟಿ, ಓ…"

ಒಂದಕ್ಷರ ತಪ್ಪಲಿಲ್ಲ. ಬಕೆಟ್ಟು ನನ್ನ ಕೈಯಿಂದ ಜಾರಿತು.

"ಅಮ್ಮಾ, ಅಲ್ಲೇನೂ ಇಲ್ಲ!"

ಅವಳು ನನ್ನತ್ತ ತಿರುಗಿದಳು. ನೋಟ ನನ್ನ ಪಕ್ಕದ ಕಪಾಟಿನ ಮೇಲೆ ನಿಂತಿತು. "ಅಯ್ಯೋ, ಯಾವಾಗ ತೆಗೆದ್ಯೇ?"

"ಎಷ್ಟು ದಿನದಿಂದ ಕಾಣ್ತಿಲ್ಲ? ಯಾಕೆ ಸುಳ್ಳು ಹೇಳ್ದೆ?"

"ಸುಳ್ಳೇನೇ ಬಂತು? ಪ್ರಾರ್ಥನೆ ಹಂಗೇ ಅಲ್ವಾ ಹೇಳೋದು? ನಂಬಿ ಹೇಳ್ತಾ ಇದ್ರೆ ಆಮೇಲೆ ಕಾಣುತ್ತೆ ಅಂದ್ಕೊಂಡೆ. ನೀನು ಬೇರೆ ಅಷ್ಟು ಕುಣಿದಾಡ್ತಿದ್ದೆ."

ಅವತ್ತೇ ಆಸ್ಪತ್ರೆಗೆ ಎಳೆದುಕೊಂಡು ಓಡಿದೆ. ಡಾಕ್ಟರು ಎರಡೂ ಕಣ್ಣಿಗೆ ದೀಪ ಹಿಡಿದು ನೋಡಿ, ದೀಪ ಆರಿಸಿದರು. ಇನ್ನು ಕುಯ್ದು ಪ್ರಯೋಜನವಿಲ್ಲ ಅಂದರು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ ತಿಂಗಳಲ್ಲಿ ಅಂಚೆಯಲ್ಲಿ ಮಿಸ್ ಹಾರ್ಲೋಳ ಪತ್ರಿಕೆ ಬಂತು. ಹರಿದು ಬಿಸಾಡುತ್ತಿದ್ದೆ, ಕಾಗದದ ಸದ್ದು ಕೇಳಿ ಅಮ್ಮ ಬಿಡಲಿಲ್ಲ. ಓದಿದೆ: ಐವತ್ತೆರಡು ವರ್ಷದ ಹೊಲಿಗೆ ಹೆಂಗಸು, ತಿಂಗಳೊಳಗೆ ಕೊನೆಯ ಸಾಲಿನವರೆಗೂ ಓದಿದಳು, ಪೂರ್ತಿ ಗುಣವಾಯಿತು.

"ಗುಣವಾದೋಳು ನಾನೇನಾ?"

"ನೀನೇ ಅಮ್ಮಾ."

ಅಮ್ಮ ಮಡಿಲಲ್ಲಿ ಕೈ ಜೋಡಿಸಿಕೊಂಡು ನೆಟ್ಟಗೆ ಕೂತಳು.

"ಇನ್ನೆರಡು ಸಲ ಓದೇ," ಅಂದಳು. "ಬಾಯಿಪಾಠ ಮಾಡ್ಕೋತೀನಿ."